ಹೊಲಿಗೆಗೆ ಬಿಟ್ಟ ಕಬ್ಬಿಣ

ನಮ್ಮ ಅತ್ತೆ, ಅಂದರೆ ನನ್ನ ಅಪ್ಪನ ಅಕ್ಕ, ಟೈಲರ್. ಬೀದಿಯ ಅರ್ಧ ಜನರ ಅಳತೆ ಅವರ ನಾಲಗೆಯ ತುದಿಯಲ್ಲಿದೆ, ಉಳಿದರ್ಧ ಜನರ ಬಟ್ಟೆ ಅವರ ಕಪಾಟಿನಲ್ಲಿದೆ. ಹೇಳಿದ ದಿನಕ್ಕೆ ಹೊಲಿದುಕೊಟ್ಟರು ಎಂಬ ಅಪವಾದ ಇದುವರೆಗೂ ಅವರ ಮೇಲೆ ಬಂದಿಲ್ಲ. ಯಾರು ಬಂದು ಕೇಳಿದರೂ, ತುಟಿಯಲ್ಲಿ ಕಚ್ಚಿಕೊಂಡ ಗುಂಡುಪಿನ್ನು ತೆಗೆಯದೆಯೇ, "ನಾಳೆ ಬನ್ನಿ" ಅನ್ನುತ್ತಾರೆ. ಕೊನೆಗೊಂದು ದಿನ ಬಟ್ಟೆ ಕೈಗೆ ಬಂದಾಗ ಅದರ ಜೊತೆ ಒಂದು ಸಮಾಧಾನವೂ ಬರುತ್ತದೆ: "ಒಳಗೆ ಬಟ್ಟೆ ಬಿಟ್ಟಿದ್ದೀನಿ. ದಪ್ಪ ಆದ್ರೆ ಬಿಚ್ಚಿಸ್ಕೊಳ್ಳಿ." ಕಾದು ಕಾದು ಬಡಕಲಾದವರಿಗೂ ಇದೇ ಮಾತು.

ಅವರ ಗಂಡ, ನನ್ನ ಮಾವ, ಬಸ್ ಕಂಡಕ್ಟರ್ ಆಗಿದ್ದವರು. ಮಾವನಿಗೆ ಜೀವನದಲ್ಲಿ ಇರುವುದು ಒಂದೇ ಜಂಬ. ಇಡೀ ಸರ್ವೀಸಿನಲ್ಲಿ ಅವರು ಬಸ್ಸಿನ ಕಂಬಿ ಮುಟ್ಟಿದವರಲ್ಲ. ಡ್ರೈವರ್ ಎಷ್ಟೇ ಜೋರಾಗಿ ಬ್ರೇಕ್ ಹಾಕಲಿ, ಪ್ರಯಾಣಿಕರೆಲ್ಲ ಒಬ್ಬರ ತೊಡೆಯ ಮೇಲೆ ಒಬ್ಬರು ಬೀಳಲಿ, ಮಾವ ಮಾತ್ರ ನಡುವೆ ನಿಂತು ಚಿಲ್ಲರೆ ಎಣಿಸುತ್ತಿದ್ದರಂತೆ. "ಕಂಬಿ ಹಿಡಿಯೋದು ಪ್ಯಾಸೆಂಜರ್ ಕೆಲಸ" ಎಂಬುದು ಅವರ ವೇದವಾಕ್ಯ. ನಿವೃತ್ತಿಯ ನಂತರ ಇದನ್ನು ಕೇಳಲು ಪ್ರಯಾಣಿಕರು ಇಲ್ಲದ್ದರಿಂದ ನಾನು ಕೇಳುತ್ತಿದ್ದೆ.

ಇಂಥ ಮಹಾನುಭಾವರು ಸ್ವಂತ ಮನೆಯ ಮೆಟ್ಟಿಲಿನಲ್ಲಿ ಬಿದ್ದರು. ಅವರದು ಮೊದಲನೇ ಮಹಡಿ. ಮೆಟ್ಟಿಲು ಹೊರಗಡೆ, ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಬರೀ ಗಾಳಿ. ನಾನು ಓಡಿ ಹೋಗಿ ಎತ್ತಿದಾಗ ಅವರು ಹೇಳಿದ್ದಿಷ್ಟೇ: "ಮೆಟ್ಟಿಲು ಮುಗೀತು ಅಂದ್ಕೊಂಡೆ ಕಣೋ. ಇನ್ನೊಂದು ಇತ್ತು." ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಹಾಗೆ ಮರುದಿನದಿಂದ ಮಾವನಿಗೆ ಕೆಳಗೆ ಕೆಲಸವೇ ಇಲ್ಲದಂತಾಯಿತು. ಪೇಪರ್ ಹಗ್ಗ ಕಟ್ಟಿದ ಬುಟ್ಟಿಯಲ್ಲಿ ಮೇಲೆ ಬಂತು. ಕ್ಷೌರದವನು ಕತ್ತರಿ ಹಿಡಿದು ಮನೆಗೇ ಬಂದ. ಮೂಲೆಯ ಟೀ ಅಂಗಡಿಯ ಗೆಳೆಯರು ಕೆಳಗೆ ನಿಂತು ಕೂಗಿ, ಕುತ್ತಿಗೆ ನೋವು ಬಂದು, ಕೂಗುವುದನ್ನು ಬಿಟ್ಟರು. ಮಾವ ಕಿಟಕಿಯ ಪಕ್ಕ ಕೂತು ಹೋಗುವ ಬರುವ ಬಸ್ಸುಗಳನ್ನು ಬೈಯುತ್ತಿದ್ದರು. ಕ್ರಮೇಣ ಬೈಯುವುದೂ ನಿಂತಿತು. ಅತ್ತೆ ನಿಜವಾಗಿ ಹೆದರಿದ್ದು ಆಗಲೇ.

"ಮೆಟ್ಟಿಲಿಗೆ ಕಂಬಿ ಹಾಕಿಸ್ಬೇಕು" ಅಂತ ಅತ್ತೆ ಗ್ರಿಲ್ ಅಂಗಡಿಯವನ ಹತ್ತಿರ ಹೋದರು. ಅವನು ಅಳತೆ ಬರೆದುಕೊಂಡ. "ಯಾವಾಗ ಬರ್ತೀಯಪ್ಪ?" ಅಂದರೆ, "ನಾಳೆ ಬರ್ತೀನಮ್ಮ" ಅಂದ. ಮರುದಿನವೂ ನಾಳೆ. ಅದರ ಮರುದಿನವೂ ನಾಳೆ. ಅತ್ತೆಗೆ ಬಂದ ಕೋಪ ನೋಡಬೇಕಿತ್ತು. ಕೊಟ್ಟ ಮಾತಿಗೆ ಬೆಲೆಯೇ ಇಲ್ಲದ ಇಂಥವರಿಂದಲೇ ದೇಶ ಹಾಳಾಗುತ್ತಿದೆ ಎಂದು ಅವರು ಒಂದು ಗಂಟೆ ಭಾಷಣ ಮಾಡಿದರು. ಕೇಳುತ್ತಿದ್ದವರು ಮೂವರು, ಮೂವರೂ ತಮ್ಮ ಬಟ್ಟೆ ಕೇಳಲು ಬಂದವರು. ಮಾಡಿದ್ದುಣ್ಣೋ ಮಹಾರಾಯ ಎಂದು ಅವರಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವರ ಬಟ್ಟೆ ಇನ್ನೂ ಕಪಾಟಿನಲ್ಲೇ ಇತ್ತು.

ಭಾಷಣ ಮುಗಿಸಿ ಅತ್ತೆ ಕನ್ನಡಕ ಒರೆಸಿಕೊಂಡರು. "ಬಟ್ಟೆ ಬಟ್ಟೆಗೆ ಸೇರಿಸೋಳಿಗೆ ಕಬ್ಬಿಣ ಕಬ್ಬಿಣಕ್ಕೆ ಸೇರಿಸೋದು ಏನು ಮಹಾ. ನಾನೇ ಕಲೀತೀನಿ."

ಹೀಗೆ ಅತ್ತೆ ಸಂಜೆಯ ವೆಲ್ಡಿಂಗ್ ತರಗತಿಗೆ ಸೇರಿದರು. ಬಿಡಲು, ಕರೆತರಲು ನಾನು. ನನ್ನದು ಮನೆ ಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಕೆಲಸ. ಮೀಟರಿನ ಮುಖ ನೋಡುವವನಿಗೆ ಕರೆಂಟಿನ ಒಳಮರ್ಮವೂ ಗೊತ್ತಿರುತ್ತದೆ ಎಂದು ನಮ್ಮ ಮನೆಯವರ ನಂಬಿಕೆ. ನಾನೂ ಅದನ್ನು ತಿದ್ದಲು ಹೋಗಿಲ್ಲ.

ಅಲ್ಲಿನ ಮೇಷ್ಟ್ರು ಕಾರ್ಖಾನೆಯಲ್ಲಿ ಬೆಸುಗೆ ಹಾಕಿ ಹಾಕಿ ಮಾತು ಕಡಿಮೆ ಮಾಡಿಕೊಂಡವರು. ಮೊದಲ ದಿನ ಅತ್ತೆ ವೆಲ್ಡಿಂಗ್ ರಾಡನ್ನು ತಗಡಿಗೆ ತಾಗಿಸಿದ್ದೇ ತಡ, ಅದು ಗಟ್ಟಿಯಾಗಿ ಅಂಟಿಕೊಂಡಿತು. ಅತ್ತೆ ಎಳೆದರು, ಬೈದರು, ಮತ್ತೆ ಎಳೆದರು.

"ಒತ್ತಬೇಡಿ ಅಮ್ಮ. ಬೆಂಕಿಕಡ್ಡಿ ಗೀರೋ ಹಾಗೆ ಗೀರಿ, ಒಂದು ಚೂರು ಮೇಲೆ ಎತ್ತಿ" ಅಂದರು ಮೇಷ್ಟ್ರು.

"ನಿಮ್ಮ ರಾಡೇ ಸರಿ ಇಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೇಷ್ಟ್ರು ಅದೇ ರಾಡು ತೆಗೆದುಕೊಂಡು ಒಂದು ಗೆರೆ ಎಳೆದು ತೋರಿಸಿದರು. ಸಣ್ಣ ಉರಿಯ ಎಣ್ಣೆಯಲ್ಲಿ ಏನೋ ಕರಿದಂತೆ ಒಂದೇ ಸಮ ಸದ್ದು. ಮೇಲಿನ ಕಿಟ್ಟವನ್ನು ಸುತ್ತಿಗೆಯಿಂದ ತಟ್ಟಿ ತೆಗೆದರೆ ಕೆಳಗೆ ಒತ್ತೊತ್ತಾದ ಅಲೆ. ಅತ್ತೆ ಬಗ್ಗಿ ನೋಡಿ, "ಟಾಕು ಚೆನ್ನಾಗಿದೆ" ಅಂದರು. ಅವರ ಬಾಯಿಂದ ಇನ್ನೊಬ್ಬರ ಹೊಲಿಗೆಗೆ ಹೊಗಳಿಕೆ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅಂದಿನಿಂದ ಅತ್ತೆ ಹಟಕ್ಕೆ ಬಿದ್ದರು. ನಿಧಾನವಾದರೆ ತಗಡು ತೂತಾಗುತ್ತಿತ್ತು, ಅವಸರವಾದರೆ ಬೆಸುಗೆ ಮೇಲೆಯೇ ತೇಲುತ್ತಿತ್ತು. ಒಂದೇ ಕಡೆಯಿಂದ ಉದ್ದಕ್ಕೂ ಬೆಸೆದರೆ ಕಬ್ಬಿಣ ಸೊಟ್ಟಗಾಗುತ್ತದೆ, ಮೊದಲು ಅಲ್ಲಲ್ಲಿ ಚುಕ್ಕೆ ಇಟ್ಟು ಹಿಡಿಸಬೇಕು ಎಂದು ಮೇಷ್ಟ್ರು ಹೇಳಿದಾಗ ಅತ್ತೆ, "ಕಚ್ಚಾ ಹೊಲಿಗೆ. ಅದನ್ನ ನನಗೆ ಹೇಳ್ಕೊಡ್ತೀರಾ?" ಅಂದರು. ಅದೊಂದನ್ನು ಮಾತ್ರ ಅವರು ಯಾರಿಂದಲೂ ಕಲಿಯಲಿಲ್ಲ.

ಮುಂದಿನದು ಮೆಷಿನ್ ಕೊಳ್ಳುವ ಸಂಭ್ರಮ. ಅಂಗಡಿಯವನು ಅತ್ತೆಯನ್ನು ನೋಡಿದ, ನನ್ನನ್ನು ನೋಡಿದ, ನನ್ನನ್ನು ಆರಿಸಿಕೊಂಡ.

"ಹೇಳಿ ಸಾರ್, ಎಂಥಾ ಮೆಷಿನ್?"

"ನನಗಲ್ಲ, ಇವರಿಗೆ."

"ಸರಿ ಸಾರ್. ಅಮ್ಮ ಯಾವ ಕೆಲಸಕ್ಕೆ ತಗೊಳ್ತಾರೆ ಸಾರ್?"

ಮೊದಲು ಅವನು ತೋರಿಸಿದ್ದು ಕಪಾಟಿನಷ್ಟು ದೊಡ್ಡದು. "ಇದರಲ್ಲಿ ಹಡಗು ಬೇಕಾದ್ರೂ ಬೆಸೀಬಹುದು ಸಾರ್."

"ನಮ್ಮ ಮನೆ ಮುಂದೆ ಹಡಗು ನಿಲ್ಲಲ್ಲ" ಅಂದರು ಅತ್ತೆ. "ಇದು ಮನೆ ಕರೆಂಟಿಗೆ ಓಡತ್ತಾ?"

ಓಡುವುದಿಲ್ಲವಂತೆ, ಕಾರ್ಖಾನೆಯ ಲೈನು ಬೇಕಂತೆ. ಮೂಗಿಗಿಂತ ಮೂಗುತಿ ಭಾರ. ಎರಡನೆಯದರಲ್ಲಿ ತಂತಿ ಉಂಡೆಯಿಂದ ತಾನಾಗಿ ಬಿಚ್ಚಿಕೊಂಡು ಬರುತ್ತಿತ್ತು, ಥೇಟ್ ಹೊಲಿಗೆ ಮೆಷಿನ್ನಿನ ದಾರದ ಹಾಗೆ. ಅತ್ತೆಯ ಕಣ್ಣು ಅರಳಿತು. ಆದರೆ ಅದಕ್ಕೆ ಜೊತೆಗೊಂದು ಗ್ಯಾಸ್ ಸಿಲಿಂಡರ್ ಬೇಕು. ಹೊರಗೆ ಗಾಳಿ ಬೀಸಿದರೆ ಗ್ಯಾಸ್ ಹಾರಿಹೋಗಿ ಬೆಸುಗೆಯೆಲ್ಲ ತೂತು ಎಂದು ಮೇಷ್ಟ್ರು ಮೊದಲೇ ಎಚ್ಚರಿಸಿದ್ದರು. ನಮ್ಮ ಮೆಟ್ಟಿಲಿನ ಪಕ್ಕ ಇರುವುದೇ ಗಾಳಿ. ಅತ್ತೆ ಆ ಉಂಡೆಯನ್ನು ಒಮ್ಮೆ ಸವರಿ, ಮನಸ್ಸಿಲ್ಲದೆ ಬಿಟ್ಟರು.

ಮೂರನೆಯದು ಹೆಗಲಿಗೆ ಹಾಕಿಕೊಳ್ಳುವಷ್ಟು ಚಿಕ್ಕ ಇನ್ವರ್ಟರ್ ವೆಲ್ಡಿಂಗ್ ಮೆಷಿನ್. ರಾಡಿನಲ್ಲಿ ಕೆಲಸ, ಮನೆಯ ಕರೆಂಟಿಗೆ ಸಾಕು. ಡಬ್ಬದ ಮೇಲೆ ಮಾತ್ರ, ಇಷ್ಟು ಆಂಪಿಯರ್ ಕೊಡುತ್ತೇನೆ ಎಂದು ಎದೆಯುಬ್ಬಿಸಿಕೊಂಡ ಒಂದು ದೊಡ್ಡ ಅಂಕಿ.

"ಈ ನಂಬರಿನಲ್ಲಿ ಇಟ್ರೆ ಎಷ್ಟು ಹೊತ್ತು ಓಡತ್ತೆ?" ಅತ್ತೆ ಕೇಳಿದರು.

ಅಂಗಡಿಯವನು ಮೊದಲ ಬಾರಿಗೆ ಅವರತ್ತ ತಿರುಗಿದ. "ಪೂರ್ತಿ ಇಟ್ರೆ ಸ್ವಲ್ಪ ಹೊತ್ತು ಅಷ್ಟೇ ಅಮ್ಮ. ಆಮೇಲೆ ತಣ್ಣಗಾಗ್ಬೇಕು."

"ನಾನೂ ಹಾಗೇ. ಇದನ್ನೇ ಕೊಡಿ. ಆದ್ರೆ ಹೊಲಿದು ನೋಡದೆ ನಾನು ಮೆಷಿನ್ ತಗೊಳ್ಳಲ್ಲ."

ಅಂಗಡಿಯ ಹಿಂದೆ, ಕಿಡಿ ಕಂಡರೆ ತಾನೇ ಕಪ್ಪಾಗುವ ಗಾಜಿನ ಮುಖವಾಡ ಹಾಕಿಕೊಂಡು ಅತ್ತೆ ಒಂದು ಹಳೇ ತುಂಡಿನ ಮೇಲೆ ಗೆರೆ ಎಳೆದರು. ಮುಖವಾಡ ತೆಗೆದಾಗ ಅವರು "ಮೇಡಂ" ಆಗಿದ್ದರು. ಡಬ್ಬ ಹೊತ್ತ ನಾನು "ಸ್ವಲ್ಪ ಹುಷಾರಪ್ಪ" ಆಗಿದ್ದೆ.

ಮನೆಗೆ ಬಂದು, ಎಲೆಕ್ಟ್ರಿಷಿಯನ್ ಕೈಯಲ್ಲಿ ದಪ್ಪ ವೈರಿನ ಬೇರೆ ಪ್ಲಗ್ ಹಾಕಿಸಿ, ಕೊರಳಿನ ಟೇಪಿನಲ್ಲೇ ಅತ್ತೆ ಮೆಟ್ಟಿಲಿನ ಅಳತೆ ತೆಗೆದರು. ಕೊಳವೆಗೆ ಸೀಮೆಸುಣ್ಣದ ಗುರುತು ಹಾಕಿದರು. ಕತ್ತರಿಸುವ ಯಂತ್ರ ನನ್ನ ಕೈಯಲ್ಲಿ. ಗುರುತು ಎಲ್ಲಿದೆಯೋ ಅಲ್ಲಿ ಕತ್ತರಿಸಿದೆ. ಮೆಟ್ಟಿಲಿಗೆ ಬಿಗಿದ ಕಬ್ಬಿಣದ ಪ್ಲೇಟಿನ ಮೇಲೆ ಕಂಬಿಯ ಕಾಲುಗಳು ನಿಂತವು, ಮೇಲಿನ ಎರಡು ಉದ್ದ ಕೊಳವೆಗಳು ತುದಿಗೆ ತುದಿ ಸೇರಿ ಒಂದಾದವು. ಚುಕ್ಕೆ ಇಟ್ಟರು, ಸೊಟ್ಟ ನೋಡಿದರು, ಬೆಸೆದರು. ಇಷ್ಟು ದಿನವೂ ಮಾವ ಕಿಟಕಿಯಿಂದ ಒಂದೇ ಮಾತು ಹೇಳುತ್ತಿದ್ದರು: "ಯಾರಿಗೋಸ್ಕರ ಇದೆಲ್ಲ? ನಾನಂತೂ ಹಿಡಿಯೋನಲ್ಲ."

"ನಿಮಗಲ್ಲ ರೀ. ಗಿರಾಕಿಗಳಿಗೆ" ಅನ್ನುತ್ತಿದ್ದರು ಅತ್ತೆ, ತಲೆ ಎತ್ತದೆ.

ಎಲ್ಲ ಮುಗಿದ ಮೇಲೆ ನಾನು ಕೆಳಗಿನಿಂದ ನೋಡಿದೆ. ಕಂಬಿಯ ತುದಿ ಕೊನೆಯ ಮೆಟ್ಟಿಲು ದಾಟಿ ಒಂದು ಗೇಣಿಗೂ ಹೆಚ್ಚು ದಾರಿಗೆ ಚಾಚಿಕೊಂಡಿತ್ತು.

"ಅತ್ತೆ, ಇದೇನಿದು, ಇಷ್ಟು ಉದ್ದ?"

ಅತ್ತೆ ಟೇಪು ಹಿಡಿದು ಹೆಚ್ಚಾದ ತುಂಡನ್ನು ಅಳೆದರು. "ಎರಡೂ ಕೊಳವೆಗೆ, ಎರಡೂ ತುದೀಲಿ, ಹೊಲಿಗೆಗೆ ಅಂತ ಬಿಟ್ಟಿದ್ದೆ."

ಕಬ್ಬಿಣವನ್ನು ಮಡಿಸಿ ಹೊಲಿಯುವುದಿಲ್ಲ ಎಂಬ ಸಣ್ಣ ಸಂಗತಿ ಅವರ ಕೈಗೆ ಯಾರೂ ತಿಳಿಸಿರಲಿಲ್ಲ. ಮೇಲಿನ ತುದಿ ಗೋಡೆಗೆ ತಗುಲಿದ್ದರಿಂದ ಹೆಚ್ಚಾದದ್ದೆಲ್ಲ ಕೆಳಗೆ ಬಂದು ನಿಂತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಅತ್ತೆಯದನ್ನು ಕೆಂಪಗೆ ಸುಟ್ಟೇ ನೋಡಿದ್ದಾಯಿತು, ಹೋಗಲಿಲ್ಲ. ನಾನು ಹೊಟ್ಟೆ ಹಿಡಿದು ನಕ್ಕೆ. ನಗುತ್ತಾ ತಿರುಗಿದವನ ತೊಡೆಗೆ ಆ ತುದಿಯೇ ಸರಿಯಾಗಿ ಬಡಿಯಿತು.

"ಇದನ್ನ ಈಗಲೇ ಕತ್ತರಿಸ್ತೀನಿ."

"ನಾಳೆ" ಅಂದರು ಅತ್ತೆ. ಬೇರೇನು ಅಂದಾರು?

ಮರುದಿನ ಬೆಳಿಗ್ಗೆ ನಾನು ಕತ್ತರಿಸುವ ಯಂತ್ರ ಹಿಡಿದು ಕೊನೆಯ ಮೆಟ್ಟಿಲಿನ ಎದುರು ನಿಂತಿದ್ದೆ. ಅತ್ತೆ ಪಕ್ಕದಲ್ಲೇ ಕೂತು ಬಣ್ಣದ ಡಬ್ಬ ಕಲಕುತ್ತಿದ್ದರು. ಮೇಲೆ ಬಾಗಿಲಿನ ಸದ್ದಾಯಿತು. ಮಾವ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

"ಬೆಸುಗೆ ಹೇಗೆ ಹಾಕಿದ್ದಾಳೆ ನೋಡ್ತೀನಿ" ಎಂದು ಯಾರಿಗೋ ಹೇಳಿದಂತೆ ಹೇಳಿ, ಕಂಬಿಯ ಮೇಲೆ ಕೈ ಇಟ್ಟರು. ಹಿಡಿಯಲಿಲ್ಲ, ಅದನ್ನು ಯಾರೂ ಹಿಡಿಯುವುದು ಅನ್ನಬಾರದು. ಪರೀಕ್ಷೆ ಮಾಡಿದರು. ಒಂದು ಬೆಸುಗೆ ಸವರಿದರು, ಒಂದು ಮೆಟ್ಟಿಲು ಇಳಿದರು. "ಇಲ್ಲಿ ಗಂಟು ಗಂಟಾಗಿದೆ." ಇನ್ನೊಂದು. "ಇದು ಪರವಾಗಿಲ್ಲ." ಹೀಗೆ ಲೋಪ ಹುಡುಕುತ್ತಾ ಹುಡುಕುತ್ತಾ ಅವರು ಅರ್ಧ ಇಳಿದಿದ್ದರು. ಗೆಣ್ಣುಗಳು ಬೆಳ್ಳಗಾಗಿದ್ದವು. ಅತ್ತೆ ಕಲಕುವುದನ್ನು ನಿಲ್ಲಿಸಿದ್ದರು, ಆದರೆ ಕತ್ತು ಎತ್ತಲಿಲ್ಲ.

ಕೊನೆಯ ಮೆಟ್ಟಿಲಿಗೆ ಬಂದಾಗ ಮಾವ ನಿಂತುಬಿಟ್ಟರು. ಕಾಲು ಮುಂದೆ ಬರಲಿಲ್ಲ. ಬಿದ್ದದ್ದು ಅಲ್ಲೇ. ಅವರು ನೆಲ ನೋಡಿದರು, ಗೋಡೆ ನೋಡಿದರು. ಆಮೇಲೆ ಕೈ ತಾನಾಗಿಯೇ ಕಂಬಿಯ ಮೇಲೆ ಜಾರಿ, ಮೆಟ್ಟಿಲು ಮುಗಿದರೂ ಮುಗಿಯದೆ ಉಳಿದಿದ್ದ ಆ ತುಂಡನ್ನು ಹಿಡಿಯಿತು. ಈ ಸಲ ಅದು ಪರೀಕ್ಷೆಯಾಗಿರಲಿಲ್ಲ.

"ಇಷ್ಟು ಉದ್ದ ಯಾಕೆ ಬಿಟ್ಟೆ?" ಮಾವ ಕೇಳಿದರು.

"ಒಳಗೆ ಬಿಟ್ಟಿದ್ದೀನಿ" ಅಂದರು ಅತ್ತೆ, ಡಬ್ಬ ನೋಡುತ್ತಲೇ. "ಬೇಡ ಅಂದ್ರೆ ಕತ್ತರಿಸ್ತಾನೆ."

ಮಾವ ನನ್ನನ್ನೂ ನನ್ನ ಕೈಯ ಯಂತ್ರವನ್ನೂ ನೋಡಿದರು. ಎಷ್ಟೋ ತಿಂಗಳಿಂದ ಕೇಳದ ಹಳೇ ಕಂಡಕ್ಟರ್ ದನಿ ಹೊರಬಂತು.

"ದಾರಿ ಬಿಡಪ್ಪಾ, ಇಳಿಯೋರಿದ್ದಾರೆ."

ನಾನು ಪಕ್ಕಕ್ಕೆ ಸರಿದೆ. ಮಾವ ನೆಲಕ್ಕೆ ಕಾಲಿಟ್ಟು, ಎರಡನೆಯ ಕಾಲನ್ನೂ ಇಟ್ಟು, ಅಂಗಿ ಸರಿಮಾಡಿಕೊಂಡು ಟೀ ಅಂಗಡಿಯ ಕಡೆ ನಡೆದರು. ಅತ್ತೆ ಕುಂಚ ಅದ್ದಿ, ಮೊದಲು ಆ ಹೆಚ್ಚಾದ ತುಂಡಿಗೇ ಬಣ್ಣ ಹಚ್ಚಲು ಕೂತರು.