ಸುರೇಬಾನ ಬಸ್ಸಿನ್ಯಾಗ ನನ್ನ ಖರೇ ಅಳು

ಗೆಳೆಯಾರ, ಇವತ್ತ ನಾ ಸುರೇಬಾನದಿಂದ ರಾಮದುರ್ಗಕ್ಕ ಬರೂ ಬಸ್ಸಿನ್ಯಾಗ ಖರೇ ಖರೇ ಅತ್ನಿ. ದಿನಾ ನಾಟಕದಾಗ ಸೊಸಿ ಪಾರ್ಟ್ ಮಾಡಿ, ಅತ್ತೂ ಅತ್ತೂ, ನನ್ನ ಸ್ವಂತ ದುಃಖ ಒಳಗ ಕಲ್ಲಾಗಿ ಕುಂತಿತ್ತು. ಮನಸಿನ ಡಾಕ್ಟರಮ್ಮ ಹೇಳಿದ್ರು, "ಅಳು ಬಂದ್ರ ತಡೀಬ್ಯಾಡ್ರಿ. ಎಲ್ಲಿ ಬರ್ತೈತೋ ಅಲ್ಲೇ ಅತ್ತುಬಿಡ್ರಿ."

ಅದು ಬಂದದ್ದು ಬಸ್ಸಿನ್ಯಾಗ. ಸೆರಗು ಬಾಯಿಗೆ ಒತ್ಕೊಂಡು ಬಿಕ್ಕಾಕ ಹತ್ತಿದ್ನಿ. ಕಂಡಕ್ಟರ್ ಗುರ್ತ ಹಿಡದ: "ಏ, ಸುಮ್ನಿರ್ರೋ! ನಾಟಕದ ಅಕ್ಕಾರು ಅಳಾಕ ಹತ್ಯಾರ!"

"ಖರೇನ ಅಳಾಕ ಹತ್ತೇನ್ರೀ!" ಅಂದ್ನಿ.

"ಆಹಾ, ಏನ್ ಡೈಲಾಗ್!" ಅಂತ ಬಸ್ಸಿಗೆ ಬಸ್ಸೇ ಚಪ್ಪಾಳಿ ಹೊಡೀತು. ಹಿಂದಿನ ಸೀಟಿನಿಂದ ಯಾರೋ "ಒನ್ಸ್ ಮೋರ್!" ಅಂತ ಒದರಿದ್ರು.

ಬಾಜೂಕ ಕುಂತ ವಯಸ್ಸಾದ ಆಯಿ ಒಬ್ಬಾಕಿ ಮಾತ್ರ ಚಪ್ಪಾಳಿ ಹೊಡೀಲಿಲ್ಲ. ಮೆಲ್ಲಕ ನನ್ನ ಕೈ ಹಿಡ್ಕೊಂಡ್ಲು. ಈಕಿಗಾದ್ರೂ ನನ್ನ ಸಂಕಟ ತಿಳೀತಲ್ಲ ಅನ್ಕೊಂಡ್ನಿ.

"ಯವ್ವಾ, ಖರೇ ಹೇಳ್ಲೇನು?" ಅಂದ್ಲು ಆಯಿ. "ಮೊನ್ನಿ ನಾಟಕದಾಗ ಇದಕ್ಕಿಂತ ಛಲೋ ಅತ್ತಿದ್ದಿ. ಇವತ್ತಿನ ಅಳುವಿನ್ಯಾಗ ಜೀವಾನ ಇಲ್ಲ."

ಅಳು ಗಕ್ಕನ ನಿಂತುಬಿಡ್ತು. ಡಾಕ್ಟರಮ್ಮಾರ, ನನ್ನ ದುಃಖಕ್ಕ ಇನ್ನೂ ತಾಲೀಮು ಬೇಕಂತ್ರಿ.