ಮಾದಕ್ಕ ಕಲಿಸಿದ ಸರಾಸರಿ

ಕೆಟ್ಟ ಸುದ್ದಿ ಏನಿದ್ದರೂ ಮಾದಕ್ಕ ಕನ್ನಡದಲ್ಲಿ ಹೇಳುತ್ತಿದ್ದಳು. ಸಮಾಧಾನ ಮಾತ್ರ ತಮಿಳಿನಲ್ಲಿ. ಧರ್ಮಪುರಿಯ ಆ ಖಾಸಗಿ ಆಸ್ಪತ್ರೆಯಲ್ಲಿ ಕನ್ನಡ ಬಲ್ಲ ನರ್ಸುಗಳೆಂದರೆ ನಾವಿಬ್ಬರೇ, ಇಬ್ಬರೂ ಪೆನ್ನಾಗರಂ ಕಡೆಯವರು. ತೊಪ್ಪೂರು ಘಾಟಿಯಲ್ಲಿ ಲಾರಿ ಉರುಳಿ ಡ್ರೈವರನ್ನು ಹೊತ್ತು ತಂದ ದಿನ, ಅವನ ಹೆಂಡತಿಯ ಬೆನ್ನು ಸವರುತ್ತ "ಒಣ್ಣುಮಿಲ್ಲಮ್ಮಾ, ನಲ್ಲಾ ಇರುಕ್ಕಾರು" ಎಂದಳು. ಏನೂ ಇಲ್ಲ, ಚೆನ್ನಾಗಿದ್ದಾರೆ ಅಂತ. ಅದೇ ನಗುಮುಖದಲ್ಲಿ ನನ್ನತ್ತ ತಿರುಗಿ, "ಸರಾಸರಿ ನಲವತ್ತೈದಕ್ಕೆ ಇಳಿದೈತೆ, ಓಡು ಲೇ, ಡಾಕ್ಟ್ರನ್ನ ಕರ್ಕೊಂಡ್ ಬಾ" ಎಂದಳು. ಪಾಪ, ಕನ್ನಡ ತಿಳಿಯದ ಆ ಹೆಂಗಸು ಎರಡೂ ಮಾತಿಗೆ ತಲೆಯಾಡಿಸಿದಳು.

ರಕ್ತದೊತ್ತಡದ ಸರಾಸರಿ ತೆಗೆಯುವುದನ್ನು ನನಗೆ ಕಲಿಸಿದವಳೂ ಅವಳೇ. ಹೊಸದರಲ್ಲಿ ನಾನು ನೂರಿಪ್ಪತ್ತಕ್ಕೆ ಎಂಬತ್ತು ಕೂಡಿಸಿ, ಎರಡರಿಂದ ಭಾಗಿಸಿ, ನೂರು ಅಂದೆ. ಬಿದ್ದು ಬಿದ್ದು ನಕ್ಕಳು.

"ಅರ್ಧಕ್ಕರ್ಧ ಅಂಚೋಕೆ ಇದೇನು ಅಣ್ಣತಮ್ಮಂದಿರ ಜಮೀನಾ? ಎದೆ ಒಂದು ಪಾಲು ಟೈಮು ಒತ್ತುತೈತೆ, ಎರಡು ಪಾಲು ಟೈಮು ಸುಮ್ಕಿರ್ತೈತೆ. ಅದ್ಕೇ ಕೆಳಗಿನ ನಂಬರ್ ಎರಡು ಸಲ, ಮೇಲಿನದು ಒಂದು ಸಲ, ಕೂಡ್ಸಿ ಮೂರ್ರಿಂದ ಭಾಗ ಮಾಡು."

ತೊಂಬತ್ತಮೂರು ಬಂತು. ಅರವತ್ತೈದರ ಕೆಳಗೆ ಇಳಿದರೆ ಮಿದುಳಿಗೂ ಮೂತ್ರಪಿಂಡಕ್ಕೂ ರಕ್ತ ಸಾಲದು ಎಂದು ಹೇಳಿಕೊಟ್ಟಳು. ಅಂದಿನಿಂದ ಯಾರ ತೋಳಿಗೆ ಪಟ್ಟಿ ಸುತ್ತಿದರೂ ನನ್ನ ಮನಸ್ಸು ತಾನಾಗಿ ಆ ಲೆಕ್ಕ ಹಾಕುತ್ತದೆ.

ರಕ್ತಕ್ಕೆ ನಂಜೇರಿ ನಮ್ಮವ್ವನನ್ನು ನಾವು ಕೆಲಸ ಮಾಡುತ್ತಿದ್ದ ವಾರ್ಡಿಗೇ ಸೇರಿಸಿದೆವು. ರೋಗಿಯ ಮನೆಯವರು ಹೊರಗೇ ಇರಬೇಕೆಂಬ ಕಟ್ಟಳೆ ನನ್ನನ್ನೂ ಬಿಡಲಿಲ್ಲ. ಮಾದಕ್ಕ ಒಳಗಿದ್ದಾಳಲ್ಲ ಎಂಬ ಧೈರ್ಯದಲ್ಲಿ ಬೆಂಚಿನ ಮೇಲೆ ಕೂತಿದ್ದೆ. ಮಧ್ಯಾಹ್ನ ಅವಳೇ ಬಾಗಿಲಿಗೆ ಬಂದಳು.

"ಮೇಲೆ ನೂರು, ಕೆಳಗೆ ಅರವತ್ತು. ನೀನೇ ಲೆಕ್ಕ ಆಕ್ಕೊ. ಓಗು ಲೇ, ಒಂದು ತುತ್ತು ಉಂಡ್ ಬಾ."

ಎಪ್ಪತ್ತಮೂರು! ಎದೆ ಹಗುರಾಯಿತು. ಎದುರಿನ ಮೆಸ್ಸಿಗೆ ಹೋಗಿ ಉಂಡೆ. ಮೊಸರನ್ನಕ್ಕೆ ಉಪ್ಪು ಕಮ್ಮಿಯೆಂದು ಕೇಳಿ ಹಾಕಿಸಿಕೊಂಡೆ ಕೂಡ. ಬಂದು ನೋಡಿದರೆ ಅವ್ವನ ಮಂಚದ ಸುತ್ತ ಪರದೆ ಎಳೆದಿತ್ತು. ಅವ್ವ ಹೋಗಿಬಿಟ್ಟಿದ್ದಳು.

ಮಾದಕ್ಕ ಬಾಗಿಲಿಗೆ ಬಂದಾಗ ಅವ್ವನಿಗೆ ಇದ್ದದ್ದು ಮೇಲೆ ಅರವತ್ತು, ಕೆಳಗೆ ಮೂವತ್ತು ಎಂದು ಜೊತೆಯಲ್ಲಿದ್ದ ನರ್ಸು ಆಮೇಲೆ ಹೇಳಿದಳು. ಸರಾಸರಿ ನಲವತ್ತು.

"ಯಾಕಕ್ಕಾ?" ಎಂದು ಮಾದಕ್ಕನನ್ನು ಕೇಳಿದೆ.

"ನೀ ಒಳಗೆ ಬಂದಿದ್ರೆ ಆ ನಂಬರ್ ನೋಡ್ಕೊಂಡು ಬೇಯ್ತಿದ್ದೆ. ಇನ್ನೇನ್ ಮಾಡೋಕಾಗ್ತಿತ್ತು?"

"ಅವ್ವನ ಕೈ ಇಡ್ಕೊಂತಿದ್ದೆ."

ಅವಳು ಸುಳ್ಳು ಹೇಳಿದ್ದನ್ನು ಹೇಗೋ ನುಂಗಿಕೊಳ್ಳುತ್ತಿದ್ದೆ, ಅದನ್ನು ಕನ್ನಡದಲ್ಲಿ ಹೇಳಿದ್ದನ್ನು ಮಾತ್ರ ಇವತ್ತಿಗೂ ನುಂಗಲು ಆಗಿಲ್ಲ. ತಮಿಳಿನಲ್ಲಿ ಹೇಳಿದ್ದರೆ ನನಗೆ ಆ ಕ್ಷಣವೇ ಸುಳ್ಳೆಂದು ಗೊತ್ತಾಗಿ, ಬಾಗಿಲು ತಳ್ಳಿಕೊಂಡು ಅವ್ವನ ಹತ್ತಿರ ಹೋಗುತ್ತಿದ್ದೆ. ನಂಬಿಸಿ ಕತ್ತು ಕೊಯ್ದಳು.

ನಾನು ಆ ಆಸ್ಪತ್ರೆ ಬಿಟ್ಟೆ. ಹೋದ ವರ್ಷ ಧರ್ಮಪುರಿ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹಿಂದಿನಿಂದ ನನ್ನ ಮಣಿಕಟ್ಟು ಹಿಡಿದರು. ತಿರುಗಿದರೆ ಮಾದಕ್ಕ. ತಲೆ ಪೂರ್ತಿ ನರೆತಿತ್ತು, ಬೆರಳು ಮಾತ್ರ ಹಳೆಯ ರೂಢಿಯಂತೆ ನಾಡಿಯ ಮೇಲೇ ಕೂತಿದ್ದವು.

"ಎಂಗಿದ್ದೀಯಾ ಲೇ? ಇನ್ನೂ ನನ್ ಮ್ಯಾಲೆ ಕ್ವಾಪ ಐತಾ?"

ನಾನು ಅವಳದೇ ನಗು ನಕ್ಕು, "ಒಣ್ಣುಮಿಲ್ಲ ಸಿಸ್ಟರ್, ನಲ್ಲಾ ಇರುಕ್ಕೇನ್" ಎಂದೆ.

ಮಣಿಕಟ್ಟಿನ ಮೇಲಿದ್ದ ಬೆರಳು ಸಡಿಲವಾದವು. ಪೆನ್ನಾಗರಂ ಬಸ್ಸು ಬಂತು. ನಾವಿಬ್ಬರೂ ಹತ್ತಬೇಕಾದದ್ದು ಅದೇ ಬಸ್ಸು. ಮಾದಕ್ಕ ಹತ್ತಲಿಲ್ಲ.