ಒಂದೇ ಬಕೆಟ್ಟಿನ ಮಣ್ಣು

ಈಚೆಗೆ ನನಗೆ ‘ಮಧ್ಯಮ’ ಎಂಬ ಪದ ಕಂಡರೆ ಮೈ ಉರಿಯುತ್ತದೆ. ರಕ್ತದೊತ್ತಡ ಮಧ್ಯಮವಾಗಿದೆ ಎಂದು ಡಾಕ್ಟರು ಹೇಳಿದರೂ ಸಾಕು, ಅಲ್ಲೇ ಏರಿಬಿಡುತ್ತದೆ.

ಇದಕ್ಕೆಲ್ಲ ಕಾರಣ ಒಂದು ಕಾರ್ಡು. ಹರವೆ ಕಡೆ ನನಗೆ ಮೂರು ಎಕರೆ ಹೊಲವಿದೆ. ಹೊಲವೆಲ್ಲ ಕೆಂಪು, ನಡುವೆ ಮಾತ್ರ, ಯಾರೋ ಕರೀ ಸೀರೆ ಒಣಹಾಕಿ ಮರೆತಂತೆ, ಉದ್ದಕ್ಕೂ ಎರೆಮಣ್ಣಿನ ಒಂದು ಪಟ್ಟಿ. ಆ ಪಟ್ಟಿಯಲ್ಲಿ ಹಿಂಗಾರಿಗೆ ಕಡಲೆ ಬಿತ್ತಿಕೊಳ್ಳುವುದು ನಮ್ಮ ಹೊಲದಲ್ಲಿ ದುಡಿಯುವ ಚಿಕ್ಕತಾಯಮ್ಮನ ವಾಡಿಕೆ. ನಮ್ಮ ತಂದೆ ಅವಳ ಅತ್ತೆಗೆ ಬಿಟ್ಟುಕೊಟ್ಟದ್ದು. ಎಲ್ಲ ಬಾಯಿಮಾತು, ಕಾಗದವಿಲ್ಲ. ನೀರು ಕೇಳದೆ ಇಬ್ಬನಿಯಲ್ಲೇ ಬೆಳೆಯುವ ಆ ಕಡಲೆಯೇ ಅವಳ ಮನೆಯ ವರ್ಷದ ಕಾಳು.

ಈ ಪಟ್ಟಿ ಎಲ್ಲಿಂದ ಬಂತೆಂದು ನಾನು ಓದಿ ತಿಳಿದುಕೊಂಡಿದ್ದೇನೆ. ಜ್ವಾಲಾಮುಖಿ ಎಂದರೆ ಟಿ.ವಿ.ಯಲ್ಲಿ ಹೊಗೆ ಕಾರುವ ಪರದೇಶದ ಬೆಟ್ಟ ಎಂದುಕೊಂಡವರ ಮೇಲೆ ನನಗೆ ಸಿಟ್ಟು. ಮನುಷ್ಯನ ಸುಳಿವೂ ಇಲ್ಲದ ಕಾಲದಲ್ಲಿ ನಮ್ಮ ಸೀಮೆಯಲ್ಲೂ ನೆಲ ಸೀಳಿತು, ಕರಗಿದ ಕಲ್ಲು ಸೀಳಿನುದ್ದಕ್ಕೂ ಮೇಲೇರಿತು, ಅಲ್ಲೇ ಆರಿ ಕರಿಕಲ್ಲಾಯಿತು. ಚಾಮರಾಜನಗರದ ಸುತ್ತಲ ಕ್ವಾರಿಗಳಲ್ಲಿ ಕೊಯ್ದು ಲಾರಿ ಹತ್ತಿಸುವುದು ಅದನ್ನೇ. ಯಾರದೋ ಅಡುಗೆಕಟ್ಟೆಯಾಗುವ ಯೋಗವಿಲ್ಲದೆ ಇಲ್ಲೇ ಉಳಿದದ್ದು ಬಿಸಿಲಿಗೆ ಮಳೆಗೆ ಪುಡಿಯಾಗಿ ಎರೆಯಾಯಿತು. ಸುತ್ತಲಿನ ಬೂದುಗಲ್ಲು ಸವೆದು ಕೆಂಪುಮಣ್ಣಾಯಿತು. ಇಷ್ಟೆಲ್ಲ ತಿಳಿದ ಮನುಷ್ಯ ಮಾಡಿದ ಕೆಲಸ ಕೇಳಿ.

ಮಣ್ಣು ಪರೀಕ್ಷೆಗೆಂದು ಎಂಟು ಕಡೆ ಗುಂಡಿ ತೋಡಿ, ಕೆಂಪು ಕಪ್ಪು ಎನ್ನದೆ ಒಂದೇ ಬಕೆಟ್ಟಿಗೆ ಸುರಿದು, ಕೈಯಾರೆ ಕಲಸಿ, ಕೃಷಿ ಇಲಾಖೆಯವರು ಕೊಟ್ಟಿದ್ದ ಒಂದೇ ಚೀಲದಲ್ಲಿ ಕಟ್ಟಿ ಅವರಿಗೆ ಕೊಟ್ಟೆ. ಕಾರ್ಡು ಬಂತು. ಯಾವ ಸತ್ವದ ಮುಂದೆ ನೋಡಿದರೂ, ಮೇಲಿಂದ ಕೆಳಗಿನವರೆಗೆ ಮಧ್ಯಮ. ಹೊಲವೆಲ್ಲ ಒಂದೇ ಎಂದಮೇಲೆ ಕಡಲೆಗೆ ಬೇರೆ ಪಟ್ಟಿ ಏಕೆ? ಇಡೀ ಹೊಲಕ್ಕೆ ಅರಿಸಿನ ಹಾಕಿಸಿದೆ, ಡ್ರಿಪ್ ಪೈಪು ಎಳೆಸಿದೆ, ಎಲ್ಲಕ್ಕೂ ಸಮನಾಗಿ ನೀರು ಬಿಟ್ಟೆ.

ಚಿಕ್ಕತಾಯಮ್ಮ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಎರಡ್ಕೂ ಒಂದೇ ನೀರಾ ಬುದ್ಧಿ? ಕರೀದು ಕುಡ್ದು ಒಳ್ಗೇ ಮಡಿಕತ್ತದ, ಕೆಂಪ್ದು ಕುಡ್ದು ಮರ್ತೋಯ್ತದ.”

“ಕಾರ್ಡಲ್ಲಿ ಬರ್ದದ, ನೀ ಸುಮ್ನಿರು” ಎಂದೆ.

ಕಾರ್ಡನ್ನು ನನ್ನ ಕೈಗಿಟ್ಟು ಕೆಲಸಕ್ಕೆ ಹೋದಳು. ಆ ವರ್ಷ ಅವಳ ಮನೆಗೆ ಕಡಲೆ ಅಂಗಡಿಯಿಂದ ಬಂತು.

ನನ್ನ ಅರಿಸಿನವೇನೂ ಉದ್ಧಾರವಾಗಲಿಲ್ಲ. ಎರೆಯಲ್ಲಿ ನೀರು ನಿಂತು ಗಡ್ಡೆ ಕೊಳೆತವು; ಕೆಂಪಿನಲ್ಲಿ ಅದೇ ನೀರು ಸಾಲದೆ ಎಲೆ ಸುರುಟಿಕೊಂಡವು. ಕಾರ್ಡು ಹಿಡಿದು ಜಗಳಕ್ಕೆ ಹೊರಟೆ. ಬಸ್ಸಿನಲ್ಲಿ ಕೂತು ಮಾತುಗಳನ್ನು ಒಂದೊಂದಾಗಿ ಮಸೆದುಕೊಂಡೆ. ಮಣ್ಣು ಪರೀಕ್ಷೆಯ ಕೋಣೆಯಲ್ಲಿದ್ದ ಹೆಣ್ಣುಮಗಳು ನನ್ನ ಕೂಗಾಟವನ್ನು ಪೂರ್ತಿ ಕೇಳಿ, ಒಂದು ಖಾಲಿ ಚೀಲವನ್ನು ಮೇಜಿನ ಮೇಲಿಟ್ಟಳು.

“ಇದನ್ನ ಒಂದ್ಸಲ ಓದಿ ಸಾರ್.”

ಮಣ್ಣಿನ ಬಣ್ಣ ಬೇರೆಯಿದ್ದರೆ ಬೇರೆ ಬೇರೆ ಚೀಲದಲ್ಲಿ ಕೊಡಬೇಕೆಂದು ಅದರ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ನಾನು ಕೊಟ್ಟಿದ್ದ ಚೀಲದ ಮೇಲೂ ಇದ್ದಿರಬೇಕು.

ಅಷ್ಟು ದೂರ ಹೊತ್ತು ತಂದ ಸಿಟ್ಟನ್ನು ಯಾರ ಮೇಲೆ ಇಳಿಸುವುದು? ವಾಪಸು ಬಸ್ಸಿನಲ್ಲಿ ನನ್ನ ಜೊತೆಗೇ ಬಂತು. ಭೂಮಿ ಬೆಂಕಿ ಉಗುಳಿ, ಕೋಟ್ಯಂತರ ವರ್ಷ ಕೂತು ಬೇರೆ ಮಾಡಿದ್ದನ್ನು ನಾನು ಅರ್ಧ ಗಂಟೆಯಲ್ಲಿ ಬಕೆಟ್ಟಿನಲ್ಲಿ ಒಂದು ಮಾಡಿದ್ದೆ. ಅದಕ್ಕಿಂತ ಹೆಚ್ಚು ಉರಿಸಿದ್ದು ಇನ್ನೊಂದು ಯೋಚನೆ. ಬಾಯಿಮಾತಿನಲ್ಲಿ ಕೊಟ್ಟ ಪಟ್ಟಿಯನ್ನು ಕಿತ್ತುಕೊಳ್ಳಲು ನನಗೆ ಯಾವುದಾದರೂ ಒಂದು ಕಾಗದ ಬೇಕಾಗಿತ್ತೇನೋ. ಈ ಕಾರ್ಡು ಸಿಕ್ಕಿತು, ಅಷ್ಟೇ.

ಈ ಸಲ ಎರಡು ಚೀಲ ತಂದೆ. ಕೆಂಪುಮಣ್ಣಿನ ಚೀಲದ ಮೇಲೆ ನನ್ನ ಹೆಸರು ಬರೆದೆ. ಎರೆಯ ಚೀಲದಲ್ಲಿ ‘ರೈತರ ಹೆಸರು’ ಎಂದಿದ್ದ ಕಡೆ ಚಿಕ್ಕತಾಯಮ್ಮ ಎಂದು ಬರೆದು, ಅವಳಿಗೆ ಓದಿ ಹೇಳಿದೆ. ಅವಳು ಚೀಲವನ್ನು ಅಂಗೈಯಲ್ಲಿ ತೂಗಿ ನೋಡಿ ನನಗೇ ವಾಪಸು ಕೊಟ್ಟಳು.

“ಪರೀಕ್ಸೆ ಆಮ್ಯಾಕ್ ಮಾಡುಸ್ಕಳಿ ಬುದ್ಧಿ. ಮೊದ್ಲು ಆ ಪೈಪ್ ಎತ್ತಿ.”

ಎರೆಯ ಪಟ್ಟಿಯಲ್ಲಿದ್ದ ಪೈಪನ್ನು ನಾನೇ ಸುತ್ತಿದೆ.